ಹಗ್ಗದವನು ಚುಕ್ಕಾಣಿ ಹಿಡಿದ ಬೇಸಿಗೆ

ಹಾವ್ನ್‌ಸೊ, ೬ ಜೂನ್ ೧೯೮೮

ಪ್ರೀತಿಯ ಟೋವ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಪಾದ್ರಿಗಳ ತಲೆಗೆ ಕತ್ತರಿ ಹಾಕುತ್ತಿದ್ದೆ. ಕೆಲಸ ಅರ್ಧಕ್ಕೆ ಬಿಟ್ಟು ಓದಿದೆ. ಓದಿ ಬಂದು ಮತ್ತೆ ಕತ್ತರಿ ಹಿಡಿದಾಗ ಎಷ್ಟು ಕತ್ತರಿಸಿದ್ದೇನೆ, ಎಷ್ಟು ಬಿಟ್ಟಿದ್ದೇನೆ ಅನ್ನುವ ಎಚ್ಚರವೇ ಇರಲಿಲ್ಲ. ಭಾನುವಾರ ಚರ್ಚಿನಲ್ಲಿ ಜನರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಪ್ರವಚನ ಕೇಳಿದರು. ಆ ಪಾಪ ನಿನಗೇ ಸೇರಲಿ.

ನಮ್ಮ ದೋಣಿ ಟೆರ್ನವನ್ನು ಮಾರಬೇಕಂತೆ! ಅದೂ ಪಕ್ಕದ ಮನೆಯ ಸ್ವೆನ್ನಿಂಗನಿಗಂತೆ. ಅವನು ಮಗಳಿಗೆ ಬೇಕು ಅಂತ ಕೇಳಿದನಂತೆ, ನೀನು ಹೂಂ ಅನ್ನುವುದರಲ್ಲಿದ್ದೀಯಂತೆ, ಸೆಪ್ಟೆಂಬರ್ ಒಂದಕ್ಕೆ ವ್ಯವಹಾರ ಮುಗಿಯುತ್ತದಂತೆ. ಎಲ್ಲ ಮಾತಾಡಿಕೊಂಡ ಮೇಲೆ ನನಗೊಂದು ಕಾಗದ. ನಾನೇನು ದೋಣಿಯ ಜೊತೆ ಪುಕ್ಕಟೆಯಾಗಿ ಬರುವ ಬಕೆಟ್ಟೇ?

ದೋಣಿ ಓಡಿಸುವವಳು ಗ್ರೀನ್‌ಲ್ಯಾಂಡಿನಲ್ಲಿ ಹೆರಿಗೆ ಮಾಡಿಸುತ್ತಿದ್ದಾಳೆ, ಮರದ ದೋಣಿ ನಿಂತಲ್ಲೇ ಕೊಳೆಯುತ್ತದೆ, ಹಾಗಾಗಿ ಮಾರುವುದೇ ಮೇಲು ಅಂತ ಬರೆದಿದ್ದೀಯ. ಓಡಿಸುವವಳು ನೀನೇ, ನಾನು ಇಲ್ಲ ಅನ್ನುವುದಿಲ್ಲ. ಮದುವೆಯಾದ ವರ್ಷ ಕೊಂಡ ದೋಣಿ ಅದು. ಆವತ್ತಿನಿಂದ ನೀನು ಹಿಂದೆ ಚುಕ್ಕಾಣಿ ಹಿಡಿದು ಕೂರುವುದು, ನಾನು ಮುಂದೆ ಅದರ ಮೂತಿಯ ಮೇಲೆ ಹಗ್ಗ ಹಿಡಿದು ನಿಲ್ಲುವುದು. "ಈಗ ನೆಗಿ, ಫೋಲ್ಮರ್!" ಅಂತ ನೀನು ಕೂಗಿದರೆ ನಾನು ನೆಗೆಯುವುದು. ಸಾಮಾನ್ಯವಾಗಿ ಧಕ್ಕೆಯ ಮೇಲಕ್ಕೆ, ಒಮ್ಮೊಮ್ಮೆ ನೀರಿಗೆ.

ಏಪ್ರಿಲ್‌ನಲ್ಲಿ ನೀನು ಒಂದು ವರ್ಷಕ್ಕೆ ಅಂತ ಹೊರಟ ದಿನ ರೈಲು ನಿಲ್ದಾಣದಲ್ಲಿ ಏನಂದೆ, ಜ್ಞಾಪಕ ಇದೆಯೇ? "ನಾನಿಲ್ದೆ ನೀನು ಆ ದೋಣಿನ ಒಂದು ಕಂಬಕ್ಕೆ ಕಟ್ಟು ನೋಡೋಣ. ಊರಿನವರು ಟಿಕೆಟ್ ತಗೊಂಡು ನೋಡ್ತಾರೆ." ಹೆಂಡತಿಯರು ಮುತ್ತು ಕೊಟ್ಟು ಹೊರಡುತ್ತಾರೆ ಅಂತ ಕೇಳಿದ್ದೆ. ರೈಲು ಹೊರಟುಹೋಯಿತು. ನನಗೆ ಜವಾಬು ಹೊಳೆದದ್ದು ಮನೆಗೆ ಬಂದು ಆಲೂಗಡ್ಡೆ ಬೇಯಿಸುವಾಗ.

ಈಗ ಕೊಡುತ್ತೇನೆ. ಮಾರಬೇಡ. ಆಗಸ್ಟ್ ಮುಗಿಯುವವರೆಗೆ ಕಾಲ ಕೊಡು. ನಾನೊಬ್ಬನೇ ಟೆರ್ನವನ್ನು ಕೊಲ್ಲಿ ದಾಟಿಸಿ ಸೆಯೆರೊ ದ್ವೀಪಕ್ಕೆ ಒಯ್ದು, ಅಲ್ಲಿನ ಬಂದರಿನಲ್ಲಿ ಕಟ್ಟಿ, ರಾತ್ರಿ ಅಲ್ಲೇ ಮಲಗಿ, ಮರಳಿ ತರುತ್ತೇನೆ. ಗೆದ್ದರೆ ದೋಣಿ ನಮ್ಮದಾಗಿಯೇ ಇರಬೇಕು. ಸೋತರೆ ಸ್ವೆನ್ನಿಂಗನಿಗೆ ನಾನೇ ಕೀಲಿ ಕೊಟ್ಟು ಮೇಲೊಂದು ಸ್ನಾಪ್ಸ್ ಕುಡಿಸುತ್ತೇನೆ.

ಅಲ್ಲಿ ಚಳಿ ಹೇಗಿದೆ? ಉಣ್ಣೆಯ ಕಾಲುಚೀಲ ಕಳಿಸಲೇ?

ನಿನ್ನ ಹಗ್ಗದಾಳು,
ಫೋಲ್ಮರ್


ಸಿಸಿಮಿಯುತ್, ೨೦ ಜೂನ್

ಫೋಲ್ಮರ್,

ನಿನ್ನ ಕಾಗದ ಓದಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಎದುರು ಕೂತಿದ್ದ ನರ್ಸ್ ಗಾಬರಿಯಾಗಿ "ಊರಲ್ಲಿ ಯಾರಾದ್ರೂ ಹೋಗಿಬಿಟ್ರಾ?" ಅಂದಳು. "ಇಲ್ಲ ಕಣೇ, ನನ್ನ ಗಂಡ ಸಮುದ್ರಕ್ಕೆ ಹೋಗ್ತಾನಂತೆ" ಅಂದೆ. ಅವಳು ನಗಲಿಲ್ಲ. ಇಲ್ಲಿ ಎಲ್ಲರ ಗಂಡಂದಿರೂ ಸಮುದ್ರಕ್ಕೆ ಹೋಗುವವರೇ.

ಆಯಿತು, ಪಣ ಒಪ್ಪಿದೆ. ಆದರೆ ಒಬ್ಬನೇ ಹೋಗಬೇಕು. ಯಾರೂ ಕಟ್ಟಿ ಎಳೆದುಕೊಂಡು ಹೋಗಬಾರದು. ಬೇರೆ ಊರಿನ ಬಂದರಿನಲ್ಲಿ ಬೆಳಗು ಹರಿಯಬೇಕು. ನಡುಕೊಲ್ಲಿಯವರೆಗೆ ಹೋಗಿ, ಹೆದರಿ ಹಿಂದೆ ಬಂದು "ಹೋಗಿದ್ದೆ" ಅಂದರೆ ನಾನು ಒಪ್ಪುವವಳಲ್ಲ.

ಬುದ್ಧಿ ಹೇಳಬಾರದು ಅಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ಬಂದರಿನ ಬಾಯಿಗೆ ಬರುವ ಮೊದಲೇ ಗಾಳಿ ಯಾವ ಕಡೆಯಿಂದ ಅಂತ ಬಾವುಟ ನೋಡು. ಎಂಜಿನ್ ಜೋರು ಮಾಡಬೇಡ. ಕಂಬ ಹತ್ತಿರ ಬಂದಾಗ ಕಣ್ಣು ಮುಚ್ಚಬೇಡ. ನೀನು ಮುಚ್ಚುತ್ತೀಯ. ಮೂತಿಯ ಮೇಲೆ ನಿಂತಿರುವಾಗ ಹಿಂದಿನಿಂದ ನಿನ್ನ ಭುಜ ನೋಡಿದರೇ ನನಗೆ ಗೊತ್ತಾಗುತ್ತದೆ.

ಇಲ್ಲಿ ಈಗ ಹೊತ್ತು ಮುಳುಗುವುದೇ ಇಲ್ಲ, ಹಾಗಾಗಿ ನಿದ್ದೆಗೂ ಹೊತ್ತುಗೊತ್ತಿಲ್ಲ. ಹೆಂಗಸರು ಗಟ್ಟಿ. ನಾನು ನಿನಗೆ ಕೂಗುವ ಹಾಗೆ ಹೆರುತ್ತಿದ್ದ ಒಬ್ಬಳಿಗೆ ಕೂಗಿದೆ. "ನೀನು ಹೊರಗೆ ಹೋಗಿ ಕಾಫಿ ಕುಡಿ ಹೋಗಮ್ಮ, ಹೆರೋಳು ನಾನು" ಅಂದಳು. ಕಾಫಿ ಆರುವ ಮುಂಚೆ ಹೆತ್ತೂ ಬಿಟ್ಟಳು.

ಇನ್ನೊಂದು ಮಾತು. ಇನ್ನೊಂದು ವರ್ಷ ಉಳಿಯುತ್ತೀಯಾ ಅಂತ ಕೇಳುತ್ತಿದ್ದಾರೆ. ಸೆಪ್ಟೆಂಬರ್‌ನಲ್ಲಿ ತಿಳಿಸಬೇಕು. ನಾನಿನ್ನೂ ಏನೂ ಹೇಳಿಲ್ಲ.

ಕಾಲುಚೀಲ ಬೇಡ.

ಟೋವ


ಹಾವ್ನ್‌ಸೊ, ೧೦ ಜುಲೈ

ಪ್ರೀತಿಯ ಟೋವ,

ಟಿಕೆಟ್ ತೆಗೆದುಕೊಂಡು ನೋಡುತ್ತಾರೆ ಅಂದಿದ್ದೆಯಲ್ಲ, ಸುಳ್ಳು. ಪುಕ್ಕಟೆಯಾಗಿ ನೋಡುತ್ತಿದ್ದಾರೆ. ಸಂಜೆ ಅಂಗಡಿ ಮುಚ್ಚಿ ನಾನು ಬಂದರಿನ ಕಡೆ ಹೊರಟರೆ ಸಾಕು, ಊರಿನ ಅರ್ಧ ಜನ ಕಾಫಿ ಲೋಟ ಹಿಡಿದು ಧಕ್ಕೆಯ ಮೇಲೆ ಸಾಲಾಗಿ ಕೂರುತ್ತಾರೆ. ಮೀನಂಗಡಿಯವಳು ಮಡಚುವ ಕುರ್ಚಿ ತರುತ್ತಾಳೆ.

ಮೊದಲ ದಿನ ನಮ್ಮ ಜಾಗದ ಬಾಯಲ್ಲಿ ನೀರಿಗೆ ನೆಟ್ಟಿರುವ ಎರಡು ಕಂಬಗಳಲ್ಲಿ ಎಡಗಡೆಯದಕ್ಕೆ ಗುದ್ದಿದೆ. ಮಾರನೆಯ ದಿನ ಅದನ್ನು ತಪ್ಪಿಸಲು ಹೋಗಿ ಬಲಗಡೆಯದಕ್ಕೆ. ಮೂರನೆಯ ದಿನ ಎರಡೂ ಕಂಬದ ನಡುವೆ ಸರಿಯಾಗಿ ನುಗ್ಗಿದೆ, ಎದೆ ಉಬ್ಬಿ ಹೋಯಿತು, ಆದರೆ ನಿಲ್ಲಿಸುವುದನ್ನು ಮರೆತೆ. ಧಕ್ಕೆಯ ಹಲಗೆಯೊಂದು ಹೋಯಿತು. ಸ್ವೆನ್ನಿಂಗ್ ತನ್ನ ಹೊಸ ಬಿಳಿ ದೋಣಿಯ ಸುತ್ತ ಹಳೆಯ ಟೈರು ಕಟ್ಟಿಕೊಂಡು "ನಿನ್ನ ಮೇಲೆ ದ್ವೇಷ ಇಲ್ಲ ಮಾರಾಯ, ಬಣ್ಣದ ಮೇಲೆ ಪ್ರೀತಿ ಅಷ್ಟೆ" ಅಂದ.

ಅವನದು ಇನ್ನೊಂದು ತಮಾಷೆ. ನಮ್ಮ ಜಾಗದ ಮುಂದೆ ಎಲ್ಲರ ಜಾಗಕ್ಕೂ ಇರುವ ಹಾಗೆ ಬಿಲ್ಲೆ ಇದೆಯಲ್ಲ, ದೋಣಿಯವನು ರಾತ್ರಿಗೆ ಬರುತ್ತಾನೆ ಅಂದರೆ ಕೆಂಪು, ಬರುವುದಿಲ್ಲ ಅಂದರೆ ತಿರುಗಿಸಿ ಹಸಿರು, ಊರೂರು ಸುತ್ತುವ ಅತಿಥಿ ದೋಣಿಗಳು ಕಟ್ಟಿಕೊಳ್ಳಲಿ ಅಂತ. ಅದನ್ನು ಉಗುರಿನಿಂದ ಕೆರೆದು "ಫೋಲ್ಮರ್, ನಿನ್ನ ಬಿಲ್ಲೆ ಕೆಂಪಿನಲ್ಲೇ ತುಕ್ಕು ಹಿಡೀತಾ ಇದೆ ನೋಡು" ಅಂದ. ಮೀನಂಗಡಿಯವಳು ಕುರ್ಚಿಯಿಂದ ಬೀಳುವಷ್ಟು ನಕ್ಕಳು.

ನನ್ನ ತೊಂದರೆ ಏನು ಗೊತ್ತೇ? ಹಿಂದೆ ಕೂತರೆ ಮುಂದೆ ಯಾರೂ ಇಲ್ಲ. "ನೆಗಿ" ಅಂತ ನಾನು ಯಾರಿಗೆ ಕೂಗಲಿ? ಮುಂದೆ ಓಡಿದರೆ ಚುಕ್ಕಾಣಿಗೆ ಯಾರೂ ಇಲ್ಲ. ನೀನು ಮಾಡುತ್ತಿದ್ದ ಹಾಗೇ ಮಾಡಲು ಹೋಗಿ ಕೆಡುತ್ತಿದ್ದೇನೆ ಅಂತ ನಿನ್ನೆ ಹೊಳೆಯಿತು. ನೀನು ದೋಣಿಯನ್ನು ಎಂಜಿನ್ನಿನಿಂದ ಕಟ್ಟುವವಳು. ನನಗೆ ಗೊತ್ತಿರುವುದು ಹಗ್ಗ. ಇವತ್ತು ಬೇರೆ ರೀತಿ ಮಾಡಿ ನೋಡಿದೆ. ಹೇಗೆ ಅಂತ ಹೇಳುವುದಿಲ್ಲ. ಕುರ್ಚಿಯವಳು ಬೇಗ ಮನೆಗೆ ಹೋದಳು, ನೋಡುವಂಥದ್ದೇನೂ ಇರಲಿಲ್ಲವಂತೆ.

ಇನ್ನೊಂದು ವರ್ಷದ ವಿಷಯ ಓದಿದೆ. ನಾನೂ ಇನ್ನೂ ಏನೂ ಹೇಳುವುದಿಲ್ಲ.

ಕಾಲುಚೀಲ ಕಳಿಸಿದ್ದೇನೆ.

ಫೋಲ್ಮರ್


ಹಾವ್ನ್‌ಸೊ, ೨೬ ಜುಲೈ

ಟೋವ! ಟೋವ! ಹೋಗಿ ಬಂದೆ!

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಭಾನುವಾರ ಬೆಳಿಗ್ಗೆ ರೊಟ್ಟಿ, ಉಪ್ಪುಮೀನು, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೊರಟೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕುರ್ಚಿಗಳು ಬರುತ್ತಿದ್ದವು. ಗಾಳಿ ಹಗೂರವಾಗಿತ್ತು. ನೆಕ್ಸೆಲೊ ನಡುಗಡ್ಡೆ ದಾಟುವವರೆಗೂ ಏನೂ ಅನ್ನಿಸಲಿಲ್ಲ. ಆಮೇಲೆ ಕೊಲ್ಲಿ ಬಾಯಿ ತೆರೆಯಿತು. ಸುತ್ತಲೂ ನೀರು, ನಡುವೆ ಒಬ್ಬ ಕ್ಷೌರಿಕ. ಜೀವ ಬಾಯಿಗೆ ಬಂತು. ಗಂಟಲು ಹರಿಯುವ ಹಾಗೆ ಚರ್ಚಿನ ಹಾಡು ಹೇಳಿದೆ. ಕ್ರಿಸ್‌ಮಸ್ಸಿನದು. ಬೇರೆ ಯಾವುದೂ ನೆನಪಿಗೆ ಬರಲಿಲ್ಲ.

ಒಂದು ಹೊತ್ತಿನಲ್ಲಿ ಹಿಂದೆ ತಿರುಗಿ ನೋಡಿದೆ. ನಮ್ಮ ಊರೂ ಸಣ್ಣದಾಗಿತ್ತು, ಸೆಯೆರೊವೂ ಸಣ್ಣದಾಗಿತ್ತು. ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ. ಅಲ್ಲಿಗೆ ಹೆದರಿಕೆ ಬಿಟ್ಟುಹೋಯಿತು. ನಿಜ ಹೇಳುತ್ತೇನೆ, ರೊಟ್ಟಿ ತಿಂದೆ.

ಸೆಯೆರೊ ಬಂದರು ಜುಲೈಯಲ್ಲಿ ಹೇಗಿರುತ್ತದೆ ನಿನಗೆ ಗೊತ್ತು. ಧಕ್ಕೆ ತುಂಬ ಜನ. ಎಲ್ಲರ ದೋಣಿ ಕಟ್ಟಿ ಆಗಿದೆ, ಬೇರೆಯವರು ಹೇಗೆ ಕಟ್ಟುತ್ತಾರೆ ನೋಡಿ ನಗುವುದೊಂದೇ ಬಾಕಿ. ನೀನೂ ನಾನೂ ಎಷ್ಟು ಸಂಜೆ ಹಾಗೆ ಕೂತು ನಕ್ಕಿಲ್ಲ! ಒಂದೇ ಒಂದು ಜಾಗದಲ್ಲಿ ಹಸಿರು ಬಿಲ್ಲೆ ಕಂಡಿತು. ಅಡ್ಡಗಾಳಿ. ಎರಡೂ ಪಕ್ಕದಲ್ಲಿ ಹೊಳೆಯುವ ದೊಡ್ಡ ದೋಣಿಗಳು, ಅವುಗಳ ಯಜಮಾನರು ನನ್ನನ್ನು ನೋಡಿ ಎದ್ದು ನಿಂತರು. ಒಬ್ಬ ಕಾಲು ಚಾಚಿದ, ಒದ್ದು ದೂರ ಮಾಡಲು.

ನಾನು ಎಂಜಿನ್ ನಿಲ್ಲಿಸಿಬಿಟ್ಟೆ. ಹೌದು ಕಣೇ, ಬಂದರಿನ ನಡುವೆ! ಟೆರ್ನ ತನ್ನಷ್ಟಕ್ಕೆ ಸಾಗಿ ಗಾಳಿಯ ಕಡೆಯ ಕಂಬದ ಹತ್ತಿರ ಬಂತು. ನಾನು ಹಳೆಯ ನೆಂಟನನ್ನು ತಬ್ಬುವ ಹಾಗೆ ಆ ಕಂಬವನ್ನು ತಬ್ಬಿದೆ. ಹಗ್ಗ ಸುತ್ತಿದೆ. ಆಮೇಲೆ ಅವಸರವೇ ಇಲ್ಲ. ಗಾಳಿ ತಳ್ಳಿದಷ್ಟೂ ಹಗ್ಗ ಹಿಡಿಯುತ್ತದೆ. ಇಷ್ಟಿಷ್ಟೇ ಬಿಡುತ್ತಾ, ಕಟ್ಟಿದ ಕರುವನ್ನು ಕೊಟ್ಟಿಗೆಗೆ ಬಿಡುವ ಹಾಗೆ ಬಿಡುತ್ತಾ, ನಾನೂ ದೋಣಿಯ ಉದ್ದಕ್ಕೆ ನಡೆದುಕೊಂಡು ಮುಂದೆ ಬಂದೆ. ಧಕ್ಕೆ ಬಂತು. ಇಳಿದೆ. ನೆಗೆಯಲಿಲ್ಲ, ಇಳಿದೆ! ಕಟ್ಟಿದೆ. ಒಂದು ಗೀರು ಇಲ್ಲ, ಒಂದು ಕೂಗು ಇಲ್ಲ.

ಹಳದಿ ಕೋಟಿನ ಹೆಂಗಸೊಬ್ಬಳು "ನಿಮ್ಮ ಕಪ್ತಾನ ಎಲ್ಲಿ?" ಅಂದಳು.

"ಗ್ರೀನ್‌ಲ್ಯಾಂಡಲ್ಲಿ."

"ಅಲ್ಲಿಂದಲೇ ಓಡಿಸ್ತಾರಾ?"

"ಹೂಂ. ಅವಳು ಕೂಗಿದ್ರೆ ಅಲ್ಲಿಂದಲೂ ಕೇಳುತ್ತೆ."

ಎಂಥ ನಗು! ಕಾಲು ಚಾಚಿದ್ದವನೇ ನನ್ನನ್ನು ತನ್ನ ದೋಣಿಗೆ ಕರೆದು, ದೋಣಿ ಕಟ್ಟಿದ ಮೇಲೆ ಎಲ್ಲರೂ ಹಾಕುವ ಆ ಒಂದು ಗುಟುಕು ಸ್ನಾಪ್ಸ್ ಕೈಗೆ ಕೊಟ್ಟ. ಕುಡಿಯುವಾಗ ಕಣ್ಣು ತುಂಬಿ ಬಂತು. ಸ್ನಾಪ್ಸ್ ಖಾರ ಅಂದೆ.

ಗೆದ್ದೆ, ಟೋವ. ದೋಣಿ ನಮ್ಮದು.

ನಿನ್ನ ಕಪ್ತಾನ (ಒಂದು ಕಾಗದದ ಮಟ್ಟಿಗೆ),
ಫೋಲ್ಮರ್


ಸಿಸಿಮಿಯುತ್, ೧೬ ಆಗಸ್ಟ್

ಫೋಲ್ಮರ್,

ನಿನ್ನ ಕಾಗದವನ್ನು ನಾನು ಇಡೀ ವಾರ್ಡಿಗೆ ಓದಿ ಹೇಳಿದೆ. ಬಾಣಂತಿಯರೂ ನಕ್ಕರು. ಹೆಮ್ಮೆ ತಡೆಯಲಾಗದೆ ಅವತ್ತೇ ಸ್ವೆನ್ನಿಂಗನಿಗೆ ಬರೆದೆ, ದೋಣಿ ಕೊಡುವುದಿಲ್ಲ, ನನ್ನ ಗಂಡ ಒಬ್ಬನೇ ಸೆಯೆರೊಗೆ ಹೋಗಿ ಬಂದಿದ್ದಾನೆ ಅಂತ.

ಅವನ ಉತ್ತರ ನಿನ್ನೆ ಬಂತು. ಅವನಿಗೆ ಗೊತ್ತೇ ಇಲ್ಲವಂತೆ. ಬಂದರಿನ ಮೇಲ್ವಿಚಾರಕನನ್ನು ಕೇಳಿದನಂತೆ. ಆ ಭಾನುವಾರ ಸಂಜೆ ಮೇಲ್ವಿಚಾರಕ ಸುತ್ತು ಬಂದಾಗ ನಮ್ಮ ಬಿಲ್ಲೆ ಕೆಂಪಗೇ ಇತ್ತಂತೆ. ಜಾಗ ಖಾಲಿ ಇದೆಯಲ್ಲಾ ಅಂತ ಕೇಳಿದ ಅತಿಥಿ ದೋಣಿಯವರಿಗೂ "ಅವನು ದಿನಾ ಒಂದು ಸುತ್ತು ಹಾಕಿ ಬರ್ತಾನೆ, ಈಗ ಬಂದ" ಅಂತ ಹೇಳಿ ಬೇರೆ ಕಡೆ ಕಳಿಸಿದನಂತೆ. ಸೋಮವಾರ ಸಂಜೆಗೆ ದೋಣಿ ಅಲ್ಲೇ ಇತ್ತಂತೆ, ಬಿಲ್ಲೆ ಕೆಂಪಗೇ ಇತ್ತಂತೆ.

ರಾತ್ರಿ ಹೊರಗೆ ಕಳೆಯುವವನು ಬಿಲ್ಲೆ ತಿರುಗಿಸದೆ ಹೋಗುತ್ತಾನೆಯೇ? ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಕೆಲಸ ಅದು.

ಕೈಲಾಗದ ಗಂಡನ ಜೊತೆ ನಾನು ಬಾಳುತ್ತಿದ್ದೆ. ಆಗಲಿಲ್ಲ ಅಂತ ಬರೆದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹಳದಿ ಕೋಟಿನ ಹೆಂಗಸು, ಕಂಬ ತಬ್ಬಿದ್ದು, ಕಣ್ಣು ತುಂಬಿದ್ದು, ಇಷ್ಟನ್ನೆಲ್ಲ ಕೂತು ಹೆಣೆದೆಯಾ? ನಾನು ಅತ್ತಿದ್ದೆ ಕಣೋ, ಅದನ್ನು ಓದಿ.

ದೋಣಿ ಸ್ವೆನ್ನಿಂಗನಿಗೆ. ಒಂದನೇ ತಾರೀಕು ಕೀಲಿ ಕೊಟ್ಟುಬಿಡು. ಇಲ್ಲಿನವರಿಗೂ ಇನ್ನೊಂದು ವರ್ಷ ಆಗಲಿ ಅಂತ ಹೇಳುವವಳಿದ್ದೇನೆ. ಫೋನ್ ಮಾಡಬೇಡ. ನಿನ್ನ ದನಿಯಲ್ಲಿ ಸುಳ್ಳು ಕೇಳಲು ನನಗೆ ಆಗುವುದಿಲ್ಲ.

ಟೋವ


ಹಾವ್ನ್‌ಸೊ, ೨೨ ಆಗಸ್ಟ್

ಟೋವ,

ಬಿಲ್ಲೆ ಕೆಂಪಗಿತ್ತು. ನಿಜ. ತಿರುಗಿಸಲು ಮರೆತೆ. ಇಷ್ಟು ವರ್ಷವೂ ಹೊರಡುವಾಗ ಅದನ್ನು ತಿರುಗಿಸುತ್ತಿದ್ದವಳು ನೀನು. ನಾನು ಆಗ ಮುಂದೆ ಹಗ್ಗ ಬಿಚ್ಚುತ್ತಿರುತ್ತಿದ್ದೆ. ಆ ಬೆಳಿಗ್ಗೆ ನನಗೆ ನನ್ನ ಹೆಸರೇ ನೆನಪಿರಲಿಲ್ಲ, ಇನ್ನು ಬಿಲ್ಲೆ!

ಸ್ವೆನ್ನಿಂಗನ ಮೇಲೆ ಸಿಟ್ಟಿಲ್ಲ. ಅವನು ಕಂಡದ್ದು ಬರೆದ; ಮೊದಲು ನಿನ್ನ ಉತ್ತರ ಬರಲಿ ಅಂತ ನಾನೂ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಸಿಟ್ಟು ಬಂದಿರುವುದು ನಿನ್ನ ಮೇಲೆ. ಮದುವೆಯಾದ ಮೇಲೆ ಇಷ್ಟು ಸಿಟ್ಟು ಒಂದು ಸಲವೂ ಬಂದಿಲ್ಲ. ನೀನು ಒಂದು ತಗಡಿನ ಮಾತು ನಂಬಿದೆ, ನನ್ನದು ನಂಬಲಿಲ್ಲ.

ಸೆಯೆರೊಗೆ ಬರೆದು ಸಾಕ್ಷಿ ತರಿಸಬಹುದು. ತರಿಸುವುದಿಲ್ಲ. ಮತ್ತೆ ಹೋಗುತ್ತೇನೆ. ಈ ಸಲ ಇಡೀ ಕೊಲ್ಲಿ. ನೆಕ್ಸೆಲೊ, ಸೆಯೆರೊ, ಆಮೇಲೆ ಕೊಲ್ಲಿಯ ತುದಿಯಲ್ಲಿ ನೀರಿನಡಿ ಚಾಚಿರುವ ಕಲ್ಲುಸಾಲು ದಾಟಿ ಆಚೆಯ ಓಡೆನ್ ಬಂದರು. ಒಂದೊಂದು ಕಡೆಯೂ ರಾತ್ರಿ ಕಟ್ಟಿ, ಒಂದೊಂದು ಕಡೆಯಿಂದಲೂ ನಿನಗೆ ಕಾಗದ ಹಾಕುತ್ತೇನೆ. ಅಂಚೆಯ ಮುದ್ರೆ ನೋಡುವುದು ಬಿಡುವುದು ನಿನ್ನ ಇಷ್ಟ.

ಅಂಗಡಿಯ ಬಾಗಿಲಿಗೆ ಬೋರ್ಡು ಹಾಕಿದ್ದೇನೆ: "ಕೂದಲು ಬೆಳೆಯುತ್ತಿರಲಿ."

ಬಿಲ್ಲೆ ಈಗ ಹಸಿರು.

ಫೋಲ್ಮರ್


ನೆಕ್ಸೆಲೊ, ೨೩ ಆಗಸ್ಟ್

ಟೋವ,

ಮೊದಲನೆಯ ರಾತ್ರಿ. ಇಲ್ಲಿ ಬಂದರು ಅಂದರೆ ಅಂಗೈಯಷ್ಟು. ಇನ್ನೊಂದೇ ದೋಣಿ ಇತ್ತು, ಅದರ ಪಕ್ಕಕ್ಕೆ ಕಟ್ಟಿದೆ. ಅದರಲ್ಲಿದ್ದ ಮುದುಕ "ಬೆಳಿಗ್ಗೆ ಯಾವಾಗ ಹೊರಡ್ತೀಯಪ್ಪ?" ಅಂತ ಕೇಳಿದ. "ಸಿಟ್ಟು ಇಳಿಯೋ ಮುಂಚೆ" ಅಂದೆ. "ಹೆಂಡ್ತಿ ಮೇಲಾ?" ಅಂದ. ನನಗೂ ಒಂದು ತಟ್ಟೆ ಬೇಯಿಸಿದ ಆಲೂಗಡ್ಡೆ ಹಾಕಿದ. ಹೆಚ್ಚು ಕೇಳಲಿಲ್ಲ.

ಫೋಲ್ಮರ್


ಸೆಯೆರೊ, ೨೪ ಆಗಸ್ಟ್

ಟೋವ,

ಎರಡನೆಯದು. ಬಿಸಿಲು, ಹಿಂಗಾಳಿ. ಧಕ್ಕೆಯ ಮೇಲೆ ಬೇಸಿಗೆಯ ಜನ ಕರಗಿದ್ದಾರೆ, ನಗಲು ಯಾರೂ ಇಲ್ಲ. ನೋಡುವವರಿಲ್ಲದೆ ಕಟ್ಟುವುದು ಇನ್ನೂ ಚೆನ್ನಾಗಿರುತ್ತದೆ. ಕಂಬದ ಹತ್ತಿರ ಕಣ್ಣು ತೆರೆದೇ ಇದ್ದೆ.

ಇವತ್ತು ನಡುಕೊಲ್ಲಿಯಲ್ಲಿ ಹಾಡಲಿಲ್ಲ. ಬೇಕಾಗಲಿಲ್ಲ. ಚುಕ್ಕಾಣಿ ಕಂಕುಳಲ್ಲಿಟ್ಟುಕೊಂಡು ಕೂತವನಿಗೆ, ನೀನು ಇಷ್ಟು ವರ್ಷ ಇಲ್ಲಿ ಕೂತು ಏನು ನೋಡುತ್ತಿದ್ದೆ ಅನ್ನುವುದು ಗೊತ್ತಾಯಿತು. ಮುಂದೆ ನಿಂತವನಿಗೆ ಬರೀ ನೀರು ಕಾಣುತ್ತದೆ. ಹಿಂದೆ ಕೂತವರಿಗೆ ದೋಣಿಯೂ ಕಾಣುತ್ತದೆ, ಮುಂದೆ ನಿಂತವನೂ ಕಾಣುತ್ತಾನೆ. ಅವನು ಬೀಳದಿರಲಿ ಅಂತಲೇ ಅಷ್ಟು ಕೂಗುತ್ತಿದ್ದೆ ಅನ್ನಿಸುತ್ತದೆ.

ಸಿಟ್ಟು ಇನ್ನೂ ಇದೆ.

ಫೋಲ್ಮರ್


ಓಡೆನ್, ೨೬ ಆಗಸ್ಟ್

ಟೋವ,

ಕೂತುಕೋ. ಈ ಕಾಗದ ನಿಂತು ಓದುವಂಥದ್ದಲ್ಲ.

ನಿನ್ನೆ ತುದಿಯ ಕಲ್ಲುಸಾಲಿನ ನಡುವಿನ ದಾರಿಯಲ್ಲಿ ಹೋದೆ. ನೀನು ನನ್ನನ್ನು ಅಲ್ಲಿಗೆ ಒಂದು ಸಲವೂ ಕರೆದುಕೊಂಡು ಹೋಗಿರಲಿಲ್ಲ, ಅಪಾಯ ಅಂತ. ಅಪಾಯವೇ. ಎರಡು ಕಡೆಯೂ ನೀರು ಬೆಳ್ಳಗೆ ಕುದಿಯುತ್ತಿತ್ತು, ನಡುವೆ ಒಂದು ಓಣಿ ಮಾತ್ರ ಕಪ್ಪಗೆ. ಆ ಕಪ್ಪಿನ ಮೇಲೆ ಕಣ್ಣಿಟ್ಟು ಕೂತೆ, ರೆಪ್ಪೆ ಹೊಡೆದ ನೆನಪಿಲ್ಲ. ಆಚೆ ಬಂದ ಮೇಲೆ ಎದ್ದು ನಿಂತು ಕೂಗಿದೆ. ಏನು ಕೂಗಿದೆನೋ. ಒಂದು ಸೀಲ್ ತಲೆ ಎತ್ತಿ ನೋಡಿ ಮುಳುಗಿತು.

ಓಡೆನ್‌ನಲ್ಲಿ ಕಟ್ಟಿ ಗುಟುಕು ಹಾಕುವಷ್ಟರಲ್ಲಿ ಗಾಳಿ ತಿರುಗಿತು. ಇವತ್ತು ಬೆಳಿಗ್ಗೆಯಿಂದ ವಾಯವ್ಯದ ಬಿರುಗಾಳಿ. ಹೊರಗಿದ್ದ ದೋಣಿಗಳೆಲ್ಲ ಒಂದೊಂದಾಗಿ ಒಳಗೆ ಓಡಿ ಬಂದವು. ಜಾಗ ತುಂಬಿತು. ನಾನು ಕೋಟು ಹಾಕಿಕೊಂಡು ಟೆರ್ನದ ಮೂತಿಯ ಮೇಲೆ ನಿಂತೆ. ಬಂದವರ ಹಗ್ಗ ಹಿಡಿಯುವುದು, ಎಳೆಯುವುದು, ಕಟ್ಟುವುದು. ಎಷ್ಟು ದೋಣಿ ಹಿಡಿದೆನೋ ಲೆಕ್ಕ ಇಟ್ಟಿಲ್ಲ. ಯಾರೋ ನನ್ನನ್ನು ಬಂದರಿನ ಕೆಲಸದವನು ಅಂದುಕೊಂಡು ಕೈಗೆ ಚಿಲ್ಲರೆ ಇಟ್ಟರು.

ಮಧ್ಯಾಹ್ನದ ಮೇಲೆ ಬಂದರಿನ ಬಾಯಿಂದ ಒಳಗೆ ಬಂತು ನೋಡು ಒಂದು ದೊಡ್ಡ ಬಿಳಿ ದೋಣಿ, ಸುತ್ತಲೂ ಹಳೆಯ ಟೈರು!

ಆನ್‌ಹೋಲ್ಟ್ ದ್ವೀಪದಿಂದ ಗಂಡ ಹೆಂಡತಿ ಮನೆಗೆ ಹೊರಟವರಂತೆ, ಗಾಳಿ ಇಲ್ಲಿಗೆ ನೂಕಿದೆ. ದೋಣಿ ಅಡ್ಡಡ್ಡ ಬರುತ್ತಿದೆ. ಸ್ವೆನ್ನಿಂಗ್ ಎಂಜಿನ್ ಹಿಂದೆ ಕೊಡುತ್ತಾನೆ, ಮುಂದೆ ಕೊಡುತ್ತಾನೆ, ಹೆಂಡತಿಗೆ ಕೂಗುತ್ತಾನೆ. ಅವಳು ಮೂತಿಯ ಮೇಲೆ ಹಗ್ಗ ಹಿಡಿದು ಅಳುತ್ತಾ ನಿಂತಿದ್ದಾಳೆ. ನೇರ ಕಲ್ಲಿನ ಗೋಡೆಗೆ ಹೋಗುತ್ತಿದ್ದರು, ಟೋವ.

ನನ್ನೊಳಗಿಂದ ಒಂದು ದನಿ ಬಂತು. ದೇವರಾಣೆ, ಅದು ನಿನ್ನ ದನಿ.

"ಸ್ವೆನ್ನಿಂಗ್! ಎಂಜಿನ್ ನಿಲ್ಸು!"

"ನಿಲ್ಸಿದ್ರೆ ಗೋಡೆಗೆ ಹೊಡೀತೀನಿ!"

"ನಿಲ್ಸು ಅಂದ್ರೆ ನಿಲ್ಸಯ್ಯಾ! ಅಕ್ಕಾ, ನೀವು ಅಳೋದು ಆಮೇಲೆ, ಮೊದ್ಲು ಹಗ್ಗ ಎಸೀರಿ! ನನ್ನ ಮುಖಕ್ಕೇ ಎಸೀರಿ!"

ಎಸೆದಳು, ಪುಣ್ಯಾತ್ಗಿತ್ತಿ. ಮುಖಕ್ಕೇ ಬಿತ್ತು. ಸುತ್ತಿ ಹಿಡಿದೆ. ಹಗ್ಗ ಕಿರುಗುಟ್ಟಿತು, ನನ್ನ ಅಂಗೈ ಸುಲಿಯಿತು, ದೋಣಿ ನಿಂತಿತು. ನಿಂತು, ಬಾಲ ತಿರುಗಿಸಿ, ಮೆಲ್ಲಗೆ ಟೆರ್ನದ ಪಕ್ಕಕ್ಕೆ ಬಂದು ಒರಗಿತು.

ಸ್ವೆನ್ನಿಂಗನ ಮುಖ ಸುಣ್ಣ ಬಳಿದ ಹಾಗಿತ್ತು. "ಫೋಲ್ಮರ್, ನೀನಾ? ಇಲ್ಲಾ? ಯಾರ ಜೊತೆ ಬಂದೆ?"

"ಒಬ್ನೇ."

"ಕಲ್ಲುಸಾಲಿನ ಮೇಲೆ?"

"ಇನ್ನೇನು ಹಾರಿಕೊಂಡು ಬರ್ಲಾ?"

ಆಮೇಲೆ ಅವನು ಟೋಪಿ ತೆಗೆದು, ಪಕ್ಕದ ದೋಣಿಗೆ ಒರಗುವವರು ಕೇಳಲೇಬೇಕಾದ ಮಾತನ್ನು ಕೇಳಿದ: "ರಾತ್ರಿ ನಿನ್ನ ದೋಣಿಗೇ ಹೊರಗಡೆಯಿಂದ ಕಟ್ಟಿಕೊಂಡಿರ್ಲಾ?" ನಾನು ಸ್ವಲ್ಪ ಯೋಚಿಸುವವನ ಹಾಗೆ ನಿಂತೆ. ಸುಮ್ಮನೆ ಬಿಡಲು ನಾನೇನು ದೇವದೂತನೇ? "ಕಟ್ಕೋ. ಧಕ್ಕೆಗೆ ಹೋಗೋದಾದ್ರೆ ನನ್ನ ಮೂತಿ ಮೇಲಿಂದ ದಾಟು, ಬೂಟು ಬಿಚ್ಚು. ಬಣ್ಣದ ಮೇಲೆ ಪ್ರೀತಿ." ಬಿರುಗಾಳಿಯಲ್ಲಿ ಬರೀ ಕಾಲುಚೀಲದಲ್ಲಿ ದಾಟಿದ, ಪಾಪ. ಹೆಂಡತಿ ಅಳು ಬಿಟ್ಟು ನಗಲು ಶುರುಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ಬಿಲ್ಲೆಯ ವಿಷಯ ನಾನು ಎತ್ತಲಿಲ್ಲ. ಅವನೇ ಕೇಳಿದ, ಹೇಳಿದೆ. ಊರು ಮುಟ್ಟಿದ ಕೂಡಲೇ ನಿನಗೆ ಬರೆಯುತ್ತೇನೆ ಅಂದ.

ಅಂಗೈಗೆ ಬಟ್ಟೆ ಕಟ್ಟಿದ್ದೇನೆ, ಅಕ್ಷರ ಹೀಗಿರುವುದು ಅದಕ್ಕೆ. ಗಾಳಿ ಇಳಿದ ಮೇಲೆ ಮನೆಗೆ ಹೊರಡುತ್ತೇನೆ. ಸಿಟ್ಟು ಹೋಗಿದೆ. ಎಲ್ಲಿ ಬಿತ್ತೋ ಗೊತ್ತಿಲ್ಲ, ಕಲ್ಲುಸಾಲಿನ ಹತ್ತಿರ ಇರಬೇಕು.

ಫೋಲ್ಮರ್


ಹಾವ್ನ್‌ಸೊ, ೨೯ ಆಗಸ್ಟ್

ಪ್ರಿಯ ಟೋವ,

ನಾನು ಕಾಗದ ಬರೆಯುವವನಲ್ಲ. ಎರಡು ಮಾತು ಹೇಳಿ ಮುಗಿಸುತ್ತೇನೆ.

ಫೋಲ್ಮರ್ ಸುಳ್ಳು ಹೇಳಿಲ್ಲ. ಓಡೆನ್‌ನಲ್ಲಿ ನನ್ನ ದೋಣಿಯನ್ನೂ ಬಹುಶಃ ನಮ್ಮಿಬ್ಬರನ್ನೂ ಉಳಿಸಿದ. ನಿನ್ನೆ ಅವನ ಹಿಂದೆಯೇ ನಾವೂ ಕಲ್ಲುಸಾಲು ದಾಟಿ ಮನೆಗೆ ಬಂದೆವು. ದಾರಿ ತೋರಿಸಿದವನು ಅವನು. ಬಂದರಿಗೆ ಬಂದಾಗ ಮೀನಂಗಡಿಯವಳು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ಹೊಡೆದಳು. ಆಮೇಲೆ ಎಲ್ಲರೂ ಹೊಡೆದರು. ಅವನು ಯಾರಿಗೆ ಹೊಡೆಯುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದ.

ದೋಣಿ ನನಗೆ ಬೇಡ. ನೀನು ಕೊಟ್ಟರೂ ಬೇಡ. ಮಗಳಿಗೆ ಬೇರೆ ನೋಡುತ್ತೇನೆ.

ಸ್ವೆನ್ನಿಂಗ್


ಸಿಸಿಮಿಯುತ್, ೮ ಸೆಪ್ಟೆಂಬರ್

ನನ್ನ ಫೋಲ್ಮರ್,

ಮಂಜು ಕವಿದು ವಿಮಾನ ಬರದೆ ನಿನ್ನ ಕಾಗದಗಳೂ ಸ್ವೆನ್ನಿಂಗನದೂ ಒಂದೇ ಚೀಲದಲ್ಲಿ ಬಂದವು. ಒಂದಾದ ಮೇಲೊಂದು ಓದಿದೆ. ಅಂಚೆಯ ಮುದ್ರೆ ನೋಡಲಿಲ್ಲ. ಲಕೋಟೆಗಳನ್ನು ಕಣ್ಣು ಮುಚ್ಚಿ ಒಡೆದೆ, ಬೇಕೆಂದೇ.

ತಪ್ಪಾಯಿತು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನನ್ನು ನಂಬಬೇಕಿತ್ತು, ನಂಬಲಿಲ್ಲ. ನಿನ್ನ ಅಂಗೈ ನೆನೆದು ಎರಡು ದಿನದಿಂದ ಊಟ ಸೇರುತ್ತಿಲ್ಲ. ಬಟ್ಟೆ ದಿನಾ ಬದಲಾಯಿಸು, ಕೇಳಿಸಿತಾ? ಉಪ್ಪುನೀರಿನ ಗಾಯ ಬೇಗ ಮಾಯುವುದಿಲ್ಲ.

ನಿನಗೆ ಹೇಳದೆ ಬಚ್ಚಿಟ್ಟದ್ದೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ದೋಣಿ ಕೊಳೆಯುತ್ತದೆ ಅಂತ ಮಾರಲು ಹೊರಟಿದ್ದಲ್ಲ. ನೀನು ಅಂಗಡಿಯಲ್ಲಿ, ನಾನು ಆಸ್ಪತ್ರೆಯಲ್ಲಿ, ಮನೆಯಲ್ಲಿ ಇಬ್ಬರಿಗೂ ಮಾತು ಮುಗಿದು ಎಷ್ಟು ಕಾಲವಾಗಿತ್ತು. ನಾವಿಬ್ಬರೂ ಜೊತೆಯಾಗಿ ಮಾಡುತ್ತಿದ್ದ ಕೆಲಸ ಅಂತ ಉಳಿದಿದ್ದದ್ದು ಆ ದೋಣಿ ಕಟ್ಟುವುದು ಒಂದೇ. ಅದೂ ಹೋದರೆ ನಾನು ಇಲ್ಲೇ ಉಳಿದುಬಿಡುವುದು ಸುಲಭವಾಗುತ್ತದೆ ಅಂದುಕೊಂಡೆ. ನಿನಗೂ ನೋವಾಗುವುದಿಲ್ಲ, ನನಗೂ ಆಗುವುದಿಲ್ಲ ಅಂದುಕೊಂಡೆ. ಎಂಥ ಬುದ್ಧಿವಂತೆ ನೋಡು.

ಇನ್ನೊಂದು ವರ್ಷ ಆಗುವುದಿಲ್ಲ ಅಂತ ಇವತ್ತು ಬೆಳಿಗ್ಗೆ ಹೇಳಿ ಬಂದೆ. ಏಪ್ರಿಲ್ ಕೊನೆಗೆ ಬರುತ್ತೇನೆ. ಮುಂದಿನ ಬೇಸಿಗೆಗೆ ನಿನ್ನ ದೋಣಿಯಲ್ಲಿ ಹಗ್ಗ ಹಿಡಿಯಲು ಆಳು ಬೇಕಾದರೆ ತಿಳಿಸು. ಕೆಲಸ ಗೊತ್ತಿಲ್ಲ, ಕಲಿಯುತ್ತೇನೆ. ಬಾಯಿ ಸ್ವಲ್ಪ ದೊಡ್ಡದು.

ನಿನ್ನವಳು,
ಟೋವ


ಹಾವ್ನ್‌ಸೊ, ೧೬ ಸೆಪ್ಟೆಂಬರ್

ಟೋವ,

ಆಳು ಬೇಕು. ಬಾಯಿ ದೊಡ್ಡದಿದ್ದರೂ ಪರವಾಗಿಲ್ಲ, ಎದುರುಗಾಳಿಗೆ ಬೇಕಾಗುತ್ತದೆ. ಒಂದು ದಿನ ನೀನು ಚುಕ್ಕಾಣಿ, ಒಂದು ದಿನ ನಾನು. ಹೊಸ ಹಗ್ಗ ತಂದಿದ್ದೇನೆ.

ಬಚ್ಚಿಟ್ಟದ್ದು ಅಂತ ಬರೆದೆಯಲ್ಲ, ಅದು ನನಗೆ ಜೂನ್‌ನಲ್ಲೇ ಗೊತ್ತಿತ್ತು. ಪಾದ್ರಿಗಳ ತಲೆ ಅರ್ಧಕ್ಕೆ ಬಿಟ್ಟು ಆ ಕಾಗದ ಓದಿದಾಗಲೇ, ದೋಣಿ ಹೋದರೆ ನೀನು ಬರುವುದಿಲ್ಲ ಅಂತ ತಿಳಿಯಿತು. ಬರೆಯಲು ಧೈರ್ಯ ಬರಲಿಲ್ಲ. ಕೊಲ್ಲಿ ದಾಟುವುದೇ ಸುಲಭ ಅನ್ನಿಸಿತು.

ಇಲ್ಲದಿದ್ದರೆ ನನ್ನಂಥ ಪುಕ್ಕಲ ಯಾತಕ್ಕೆ ಹೋಗುತ್ತಿದ್ದ, ನೀನೇ ಹೇಳು.

ಫೋಲ್ಮರ್